ಮೂರು ಹಗಲು ಆರಬೇಕಾದ ಗಂಟೆ

ನಿಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡದಿದ್ದ ಕಾಲ. ಏಳು ಗುಡ್ಡ ಹತ್ತಿ, ಏಳು ಹೊಳೆ ದಾಟಿದರೆ ಕಿಂಕಿಣಿಪುರ ಅಂತ ಒಂದು ರಾಜ್ಯ. ದಾರಿ ಕೇಳಬೇಡಿ, ನಾನೂ ಹೋಗಿಲ್ಲ. ಆ ರಾಜ್ಯದ ನಟ್ಟನಡುವೆ ಒಂದು ಗುಡ್ಡ. ಗುಡ್ಡದ ಒಂದು ಮಗ್ಗುಲಿಗೆ ಶಿವನ ಗುಡಿ, ಇನ್ನೊಂದು ಮಗ್ಗುಲಿಗೆ ಬುದ್ಧನ ವಿಹಾರ. ಎರಡಕ್ಕೂ ಸೇರಿ ಒಂದೇ ಕಂಚಿನ ಗಂಟೆ. ಗಂಟೆಯ ಒಂದು ಮೈಮೇಲೆ ನಂದಿ, ಇನ್ನೊಂದು ಮೈಮೇಲೆ ಬೌದ್ಧರ ವಜ್ರ, ಅಂದರೆ ವಜ್ರಾಯುಧದ ಗುರುತು. ಬೆಳಿಗ್ಗೆ ಗುಡಿಯ ಪೂಜಾರಿ ಈಶಾನಯ್ಯ ಬಾರಿಸುತ್ತಿದ್ದ, ಸಂಜೆ ವಿಹಾರದ ಭಿಕ್ಷು ಸುಮೇಧ ಬಾರಿಸುತ್ತಿದ್ದ.

ಗಂಟೆ ಢಣ್ ಅಂದರೆ ಸಾಕು, ಊರಿಗೆ ಊರೇ ಕೂರುತ್ತಿತ್ತು. ಅರಸ ಕಿರೀಟ ತೆಗೆದಿಟ್ಟು ಕೂರುತ್ತಿದ್ದ. ಅಗಸ ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು ಕೂರುತ್ತಿದ್ದ. ಕಳ್ಳ ಕೂಡ ಹಾರೆ ಪಕ್ಕಕ್ಕಿಟ್ಟು ಕೂರುತ್ತಿದ್ದ. ಒಂದಷ್ಟು ಹೊತ್ತು ಉಸಿರು ಬಿಟ್ಟು, ಆಮೇಲೆ ಎದ್ದು ಅವರವರ ಕೆಲಸಕ್ಕೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ದಿನ ಕಳವಳಸಿದ್ಧ ಎಂಬ ಮಾಂತ್ರಿಕ ಅರಸನ ಮುಂದೆ ಬಂದು ನಿಂತ.

"ಮೋಡ ಮುಟ್ಟುವ ಕೋಟೆ ಕಟ್ಟಬೇಕು. ನಿನ್ನ ಪ್ರಜೆಗಳನ್ನು ಕಲ್ಲು ಹೊರಲು ಕಳಿಸು" ಅಂದ.

"ಕಳಿಸೋಣ ಸ್ವಾಮಿ. ಆದರೆ ಗಂಟೆ ಬಾರಿಸಿದರೆ ಅವರು ಕೂರುತ್ತಾರೆ" ಅಂದ ಅರಸ.

"ಕೂತವರು ಯೋಚನೆ ಮಾಡುತ್ತಾರೆ. ಯೋಚನೆ ಮಾಡಿದವರು ಯಾಕೆ ಅಂತ ಕೇಳುತ್ತಾರೆ. ನನಗದು ಬೇಡ!"

ಹೀಗಂದವನೇ ಗುಡ್ಡ ಹತ್ತಿದ. ಮಂತ್ರ ಹೇಳಿ ಕೋಲಿನಿಂದ ಗಂಟೆಯನ್ನು ಮುಟ್ಟಿದ. ಗಂಟೆ ದೊಡ್ಡದೊಂದು ಕಂಚಿನ ಹದ್ದಾಯಿತು. ಅದರ ಬೆನ್ನೇರಿ ಹಾರಿಹೋದ.

ಅವತ್ತಿನಿಂದ ಕಿಂಕಿಣಿಪುರದಲ್ಲಿ ಯಾರಿಗೂ ಕೂರಲಾಗಲಿಲ್ಲ. ಕೂತರೆ ಕಾದ ಹೆಂಚಿನ ಮೇಲೆ ಕೂತ ಹಾಗೆ ಎದ್ದುಬಿಡುತ್ತಿದ್ದರು. ನಡೆಯುತ್ತಲೇ ಉಂಡರು, ನಡೆಯುತ್ತಲೇ ತೂಕಡಿಸಿದರು. ತಾಯಂದಿರು ಓಡಾಡುತ್ತಲೇ ಮಕ್ಕಳಿಗೆ ಹಾಲೂಡಿಸಿದರು. ಹೇಗೂ ಕಾಲು ನಿಲ್ಲುವುದಿಲ್ಲ, ಕೈಯೂ ಸುಮ್ಮನಿರುವುದಿಲ್ಲ, ಸರಿ, ಕಲ್ಲು ಹೊತ್ತರು. ಕಳವಳಸಿದ್ಧನ ಕೋಟೆ ದಿನಕ್ಕೊಂದು ಆಳು ಎತ್ತರ ಬೆಳೆಯಿತು.

ಆ ಗುಡ್ಡದ ಬುಡದಲ್ಲಿ ಸಿಂಗೋಜ ಎಂಬ ಕಂಚುಗಾರ ಇದ್ದ. ಎಪ್ಪತ್ತು ದಾಟಿದ ಮುದುಕ. ಗುಡಿಯ ಆರತಿ, ವಿಹಾರದ ತುಪ್ಪದ ದೀಪ, ಎಲ್ಲ ಅವನ ಕೈಯವೇ. ಅವನಿಗೆ ಮಾಳಲೆ ಒಬ್ಬಳೇ ಮಗಳು, ಎರಕ ಹೊಯ್ಯುವುದರಲ್ಲಿ ಅಪ್ಪನನ್ನೂ ಮೀರಿಸುವವಳು. ಸಿಂಗೋಜ ಮನೆಯ ಸುತ್ತ ತಿರುಗಿದ, ತಿರುಗಿದ, ಪಾದ ಊದಿ ನೆತ್ತರು ಬಂದರೂ ತಿರುಗಿದ. ವೈದ್ಯನೂ ಅವನ ಪಕ್ಕದಲ್ಲೇ ನಡೆಯುತ್ತಾ ನಾಡಿ ಹಿಡಿದು ನೋಡಿದ. "ಹುಣ್ಣಿಮೆಯೊಳಗೆ ಕೂರದಿದ್ದರೆ ಈ ಜೀವ ಉಳಿಯುವುದಿಲ್ಲ ತಾಯಿ" ಅಂದ.

"ಅಪ್ಪಾ, ಏನು ಮಾಡಲಿ ಹೇಳು" ಅಂತ ಮಾಳಲೆ ಅಪ್ಪನ ಹಿಂದೆಯೇ ಓಡಿದಳು.

"ಹೊಸ ಗಂಟೆ ಆಗಬೇಕು ಮಗಳೇ. ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಮೇಣದಲ್ಲಿ ಗಂಟೆ ಮಾಡಿ, ಒಳಗೂ ಹೊರಗೂ ಹುತ್ತದ ಮಣ್ಣು ಮೆತ್ತಿ, ಮೇಣ ಕರಗಿಸಿ, ಕಂಚು ಹೊಯ್ಯಿ. ಅದೆಲ್ಲ ನಿನಗೆ ಗೊತ್ತು."

"ಗೊತ್ತು. ಇವತ್ತೇ ಶುರು ಮಾಡುತ್ತೇನೆ."

"ಹೊಯ್ದ ಮೇಲೆ?" ಅಂದ ಸಿಂಗೋಜ. ಅವನ ಕಣ್ಣು ತುಂಬಿತು. "ಅಷ್ಟು ದೊಡ್ಡ ಗಂಟೆ ಮೂರು ಹಗಲು ಆರಬೇಕು. ಅಲ್ಲಿಯವರೆಗೆ ಅಚ್ಚು ಮುಟ್ಟಬಾರದು. ಈ ರಾಜ್ಯದಲ್ಲಿ ಒಂದು ವಸ್ತುವನ್ನು ಮೂರು ಹಗಲು ಮುಟ್ಟದೆ ಬಿಡುವವರು ಯಾರಿದ್ದಾರೆ?"

ನಿಜ ತಾನೇ? ಕೈಯಾಡಿಸುವ ಕೆಲಸಕ್ಕೆ ಆ ಶಾಪದಿಂದ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಸುಮ್ಮನಿರುವುದಕ್ಕೆ. ಗುಡಿಯವರು ಹಳೆಯ ದೀಪ ಕೊಟ್ಟರು, ವಿಹಾರದವರು ಹಳೆಯ ಬಟ್ಟಲು ಕೊಟ್ಟರು. ಮಾಳಲೆ ತಿದಿ ಒತ್ತಿ ಬೆಂಕಿ ಊದಿದಳು, ಕಂಚು ಕರಗಿಸಿದಳು, ಹೊಯ್ದಳು. ಅಚ್ಚನ್ನು ಅಂಗಳದ ಎರಡು ಕಂಬಗಳ ನಡುವೆ ಸರಪಳಿಯಲ್ಲಿ ತೂಗುಹಾಕಿದಳು.

ಅರ್ಧ ದಿನ ಕಳೆದಿರಲಿಲ್ಲ, ಈಶಾನಯ್ಯ ಬಂದ. ಅವನ ಹಿಂದೆ ಸುಮೇಧ ಬಂದ.

"ನಂದಿಯ ಕೊಂಬು ಸರಿಯಾಗಿ ಬಂದಿದೆಯೋ ಇಲ್ಲವೋ, ಚೂರೇ ಚೂರು ನೋಡೋಣ" ಅಂದ ಈಶಾನಯ್ಯ.

"ನಿಮ್ಮ ಕೊಂಬು ಹಾಗಿರಲಿ, ನಮ್ಮ ವಜ್ರ ಬಂದಿದೆಯೋ ಮೊದಲು ನೋಡೋಣ" ಅಂದ ಸುಮೇಧ.

ಆ ಕಡೆ ಅವನು ಕೆರೆದ, ಈ ಕಡೆ ಇವನು ಕೆರೆದ. ಅಯ್ಯೋ, ದೊಡ್ಡವರ ಬುದ್ಧಿ ನೋಡಿ! ಅಚ್ಚು ಟಪ್ಪಂತ ಒಡೆಯಿತು, ಬಿಸಿ ಗಂಟೆ ಗಾಳಿ ತಗುಲಿ ಸೀಳಿತು. ಮೊದಲ ಗಂಟೆ ಹೋಯಿತು.

ಮಾಳಲೆ ಅದೇ ಕಂಚನ್ನು ಮತ್ತೆ ಕರಗಿಸಿದಳು. ಎರಡನೆಯ ಸಲ ಬಾಗಿಲು ಹಾಕಿ, ಯಾರನ್ನೂ ಒಳಗೆ ಬಿಡದೆ, ತಾನೇ ಕಾದಳು. ಒಂದು ಹಗಲು ಕಳೆಯಿತು, ಎರಡು ಹಗಲು ಕಳೆಯಿತು. ಗೋಡೆಯಾಚೆ ಅಪ್ಪನ ಹೆಜ್ಜೆ ಕೇಳುತ್ತಿತ್ತು. ಅಪ್ಪ ಮುಗ್ಗರಿಸಿದ, ಎದ್ದ, ನರಳಿದ. ಅವಳ ಕೈ ತುರಿಸಿತು, ಬೆರಳು ಕುಣಿಯಿತು. ಆರಿರಬಹುದು ಅನ್ನಿಸಿತು. ಆರಿಯೇ ಇದೆ ಅನ್ನಿಸಿತು. ಸುತ್ತಿಗೆ ಯಾವಾಗ ಕೈಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಎರಡನೆಯ ಗಂಟೆಯೂ ಸೀಳಿತು. ಸಿಂಗೋಜ ಬಂದು ನೋಡಿದ, ಸೀಳಿನ ಮೇಲೆ ಬೆರಳಾಡಿಸಿ ಮತ್ತೆ ನಡೆದ. ಅಪ್ಪ ನಾಲ್ಕು ಬೈದಿದ್ದರೆ ವಾಸಿಯಿತ್ತು. ಮಾಳಲೆ ಓಡಾಡುತ್ತಾ ಅತ್ತಳು.

ಹುಣ್ಣಿಮೆಗೆ ನಾಲ್ಕೇ ದಿನ. ಮೂರನೆಯ ಸಲ ಕಂಚು ಹೊಯ್ದು ಅಚ್ಚು ತೂಗುಹಾಕಿದ ಮೇಲೆ ಅವಳು ಬೀದಿಗಿಳಿದು ಕೂಗಿದಳು.

"ನಿಮ್ಮ ಕಾಲು ನಿಲ್ಲುವುದಿಲ್ಲ ತಾನೇ? ನಿಲ್ಲಿಸಬೇಡಿ! ಕಲ್ಲು ಬಿಸಾಡಿ ಇಲ್ಲಿ ಬನ್ನಿ. ಈ ಅಚ್ಚಿಗೆ ಪ್ರದಕ್ಷಿಣೆ ಹಾಕಿ. ಪಕ್ಕದವರ ಕೈ ಹಿಡಿದುಕೊಳ್ಳಿ, ಬಿಡಬೇಡಿ!"

ಊರಿಗೆ ಊರೇ ಬಂತು. ಅರಸನೂ ಬಂದ, ಕಳ್ಳನೂ ಬಂದ, ಇಬ್ಬರೂ ಕೈಕೈ ಹಿಡಿದರು. ಒಂದು ಸುತ್ತು, ಎರಡು ಸುತ್ತು, ನೂರು ಸುತ್ತು. ಕಾಲಿಗೆ ಕೆಲಸ ಸಿಕ್ಕಿತು, ಕೈಗೆ ಕೈ ಸಿಕ್ಕಿತು. ಅಚ್ಚನ್ನು ಮುಟ್ಟಲು ಯಾರಿಗೂ ಕೈ ಬಿಡುವಿರಲಿಲ್ಲ.

ಕೋಟೆಗೆ ಕಲ್ಲು ಬರುವುದು ನಿಂತಿತು. ಕಳವಳಸಿದ್ಧ ಕೆರಳಿದ. ಮೊದಲ ಹಗಲು ಬೆಂಕಿಯ ರೆಕ್ಕೆಯ ಹುಂಜವನ್ನು ಕಳಿಸಿದ. ಹುಂಜ ಮಾಡಿನ ಮೇಲೆ ಕೂತು, "ಮೂರು ಹಗಲು ಆಯಿತು, ಒಡೆಯಿರಿ! ಮೂರು ಹಗಲು ಆಯಿತು, ಒಡೆಯಿರಿ!" ಅಂತ ಕೂಗಿತು. ಜನ ಕೈ ಸಡಿಲಿಸಿದರು.

"ಮೂರು ಹಗಲಾಗಿದ್ದರೆ ಎಷ್ಟು ಸಲ ಉಂಡಿರಿ?" ಅಂತ ಕೇಳಿದಳು ಮಾಳಲೆ.

"ಒಂದೇ ಸಲ" ಅಂದರು ಜನ, ಹೊಟ್ಟೆ ಮುಟ್ಟಿ ನೋಡಿಕೊಂಡು. ಸುಳ್ಳು ಸಿಕ್ಕಿಬಿದ್ದ ಹುಂಜ ಬೂದಿಯಾಯಿತು.

ಎರಡನೆಯ ಹಗಲು ಎಂಟು ಕಾಲಿನ ಕೋಣ ಬಂದು ದಾರಿಗೆ ಅಡ್ಡ ನಿಂತಿತು. ಈಶಾನಯ್ಯ ಒಂದು ಕೊಂಬು ಹಿಡಿದ, ಸುಮೇಧ ಇನ್ನೊಂದು ಕೊಂಬು ಹಿಡಿದ. "ನಡೆಯಪ್ಪಾ ನಡೆ, ನೀನೂ ಪುಣ್ಯ ಕಟ್ಟಿಕೋ" ಅಂತ ಎಳೆದುಕೊಂಡೇ ಹೋದರು. ಎಂಟೂ ಕಾಲು ಒಂದಕ್ಕೊಂದು ತೊಡರಿ, ಸಂಜೆಯ ಹೊತ್ತಿಗೆ ಕೋಣ ಬಿದ್ದು ಬೂದಿಯಾಯಿತು.

ಮೂರನೆಯ ಹಗಲು ಕಳವಳಸಿದ್ಧ ತಾನೇ ಬಂದ. ಕಂಚಿನ ಹದ್ದಿನ ಮೇಲೆ ಕೂತು, ಅಚ್ಚಿನ ನೇರಕ್ಕೆ ಮೇಲೆ ಹಾರಾಡುತ್ತಾ ನಕ್ಕ.

"ನಾನ್ಯಾಕೆ ಕೈ ಮಾಡಲಿ? ಹೋದ ಸಲದ ಹಾಗೆ ನೀನೇ ಒಡೆಯುತ್ತೀಯ. ನಿನ್ನಪ್ಪನನ್ನು ನೋಡು!"

ಸಿಂಗೋಜನ ಮಂಡಿ ಕುಸಿದಿತ್ತು. ಬಿದ್ದವನಿಗೆ ಬಿದ್ದಲ್ಲೇ ಇರಲೂ ಆಗದು, ಏಳಲೂ ಆಗದು. ಮಣ್ಣಿನಲ್ಲಿ ತೆವಳುತ್ತಿದ್ದ.

"ಈಗ ಒಡೆದರೆ ನಿನ್ನಪ್ಪ ಉಳಿಯುತ್ತಾನೆ! ಸಂಜೆಯವರೆಗೆ ಕಾದರೆ ಹೋಗಿಬಿಡುತ್ತಾನೆ!"

ಮಾಳಲೆಯ ಕೈ ಸುತ್ತಿಗೆಯ ಕಡೆಗೆ ಹೋಯಿತು. ಹೋದ ಕೈಯಲ್ಲಿ ಅವಳು ಅಪ್ಪನನ್ನೇ ಎತ್ತಿಕೊಂಡಳು. ಬೆನ್ನಿಗೇರಿಸಿ, ಎರಡೂ ಕೈಯಲ್ಲಿ ಅವನ ಕಾಲು ಬಿಗಿಯಾಗಿ ಹಿಡಿದು ಪ್ರದಕ್ಷಿಣೆಗೆ ಹೊರಟಳು. ಇನ್ನು ಅವಳಿಗೆ ಸುತ್ತಿಗೆ ಹಿಡಿಯಲು ಕೈಯೇ ಇರಲಿಲ್ಲ. ಬೆವರು ಕಣ್ಣಿಗಿಳಿಯಿತು, ಸೊಂಟ ಮುರಿದುಬರುವಂತಾಯಿತು. ನಡೆದಳು. ಅಪ್ಪನ ಉಸಿರು ಅವಳ ಕಿವಿಗೆ ತಾಗುತ್ತಿತ್ತು, ಇದೆ, ಇನ್ನೂ ಇದೆ ಅಂದುಕೊಳ್ಳುತ್ತಾ ನಡೆದಳು.

ಹೊತ್ತು ಪಡುವಣಕ್ಕಿಳಿಯಿತು, ಮೂರು ಹಗಲು ತುಂಬಿತು. ಸಿಂಗೋಜ ಕೈ ಚಾಚಿ ಅಚ್ಚನ್ನು ಸವರಿದ. "ಆರಿದೆ ಮಗಳೇ" ಅಂತ ಕಿವಿಯಲ್ಲಿ ಪಿಸುಗುಟ್ಟಿದ.

ಮಾಳಲೆ ಮೇಲೆ ನೋಡಿದಳು. ತಾನು ಒಡೆದರೆ ಇವನು ಮಂತ್ರ ಹೇಳಿ ಈ ಗಂಟೆಯನ್ನೂ ಹದ್ದು ಮಾಡಿ ಹಾರಿಸುತ್ತಾನೆ. ಅದಕ್ಕೆ ಅವಳು ಗಂಟಲು ಹರಿಯುವಂತೆ ಕಿರುಚಿದಳು.

"ಅಯ್ಯೋ, ಇನ್ನೂ ಹಸಿ ಇದೆ! ಇನ್ನೂ ಅರ್ಧ ದಿನ ಬೇಕು! ಸಿದ್ಧಾ, ನಿನ್ನ ದಮ್ಮಯ್ಯ, ಕೋಲು ತಗುಲಿಸಬೇಡ, ಒಂದೇ ಏಟಿಗೆ ಸೀಳಿಹೋಗುತ್ತದೆ!"

ಒಂದೇ ಏಟು ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಕಳವಳಸಿದ್ಧ ಮಂತ್ರ ಗಿಂತ್ರ ಎಲ್ಲ ಮರೆತ. ಧೊಪ್ಪನೆ ಕೆಳಗೆ ಹಾರಿ, ಎರಡೂ ಕೈಯಲ್ಲಿ ಕೋಲೆತ್ತಿ ಬೀಸಿ ಹೊಡೆದ.

ಹೊರಗಿನ ಮಣ್ಣು ಹಾರಿತು, ಒಳಗಿನ ಮಣ್ಣು ಉದುರಿತು. ಗಂಟೆ ಢಣ್ ಅಂತು!

ಮಾಂತ್ರಿಕನ ಕೋಲು ಪುಡಿಯಾಯಿತು, ಕೋಟೆ ಕಲ್ಲುಕಲ್ಲಾಗಿ ಉರುಳಿತು, ಹದ್ದು ಮತ್ತೆ ಹಳೆಯ ಗಂಟೆಯಾಗಿ ನೆಲಕ್ಕಿಳಿಯಿತು. ಕಳವಳಸಿದ್ಧ ಇದ್ದಲ್ಲೇ ಕೂತ. ಹುಟ್ಟಿದಾಗಿನಿಂದ ಕೂತು ಒಂದು ಯೋಚನೆ ಮಾಡಿದವನಲ್ಲ ಅವನು. ಮಾಡಿದ್ದೆಲ್ಲ ಒಂದೊಂದಾಗಿ ನೆನಪಾಗಿ, ಮುಖ ಮುಚ್ಚಿಕೊಂಡು ಅತ್ತ. ಅವನ ಮಂತ್ರ ಮತ್ತೆ ಅವನ ಬಾಯಿಗೆ ಬರಲಿಲ್ಲ.

ಜನ ಕೂತರು. ಅರಸ ಕೂತ, ಕಳ್ಳ ಕೂತ, ಈಶಾನಯ್ಯ ಮತ್ತು ಸುಮೇಧ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಮಾಳಲೆ ಅಪ್ಪನನ್ನು ಮೆಲ್ಲಗೆ ಇಳಿಸಿದಳು. ಸಿಂಗೋಜ ನೆಲದ ಮೇಲೆ ಕಾಲು ಚಾಚಿ ಕೂತ. ಗಂಟೆಯ ನಾದ ಕೊನೆಯ ಎಳೆಯವರೆಗೂ ಕಣ್ಣುಮುಚ್ಚಿ ಕೇಳಿದ.

"ತವರ ಒಂಚೂರು ಹೆಚ್ಚಾಯಿತು" ಅಂದ.

ಮಾಳಲೆಗೆ ನಗು ಬಂತು, ಅಳುವೂ ಬಂತು. ಅಪ್ಪ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದ. ಅವಳ ಕಾಲು ಜೋಮು ಹಿಡಿಯಿತು, ಆದರೂ ಅಲ್ಲಾಡಲಿಲ್ಲ.

ಅಲ್ಲಿಂದ ಮುಂದೆ ಕಿಂಕಿಣಿಪುರದವರು ಉಂಡರು, ದುಡಿದರು, ಜಗಳವಾಡಿದರು, ದಿನಕ್ಕೆರಡು ಸಲ ಕೂತರು, ಸುಖವಾಗಿದ್ದರು. ಸಿಂಗೋಜ ಇನ್ನೂ ಹನ್ನೆರಡು ವರ್ಷ ಬದುಕಿದ, ಮಗಳು ಹೊಯ್ದ ಪ್ರತಿಯೊಂದು ಗಂಟೆಯಲ್ಲೂ ಏನಾದರೊಂದು ತಪ್ಪು ಹುಡುಕಿ ಹೇಳಿದ. ಅವಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿದಳು.