ಸೀಗಿಹಟ್ಟಿಯ ಸೊಸೆ

"ಈ ಚುಕ್ಕಿ ಇಟ್ಟವರು ನೀವ ಏನ್ರಿ?"

ಸವದತ್ತಿಯ ಬಾಡಿಗೆ ಕೋಣೆಯೊಂದರ ಬಾಗಿಲಲ್ಲಿ ನಿಂತು ಕಾಂತೇಶ ಮೊಬೈಲು ಮುಂದೆ ಹಿಡಿದ. ಅದರಲ್ಲಿ ಸುತ್ತಲಿನ ತಾಲೂಕುಗಳ ನಕ್ಷೆ ಇತ್ತು. ಮಲಪ್ರಭಾ ಕಾಲುವೆಯ ದಂಡೆಯ ಅವನ ಊರು ಸೀಗಿಹಟ್ಟಿಯ ಮೇಲೆ ಎರಡು ಕೆಂಪು ಚುಕ್ಕೆ.

ಒಳಗಿದ್ದವಳು ಕೈಯಲ್ಲಿದ್ದ ರೊಟ್ಟಿ ಕೆಳಗಿಡಲಿಲ್ಲ. "ಇಟ್ಟಾಕಿ ನಾನ. ವಾಟ್ಸಾಪಿಗೆ ಬಿಟ್ಟಾಕಿ ನಾನಲ್ಲ. ಮೀಟಿಂಗಿನ್ಯಾಗ ಯಾರೋ ಫೋಟೊ ಹೊಡಕೊಂಡಾರ. ಬೈಯೂದಿದ್ರ ಕುಂತ ಬೈರಿ."

ಬೈಯಲೆಂದೇ ಬಂದಿದ್ದ. ಕುರ್ಚಿ ಸಿಕ್ಕ ಮೇಲೆ ಅದು ಕಷ್ಟವಾಯಿತು.

ಕಾಂತೇಶ ಪಂಪಸೆಟ್ಟಿನ ಮೋಟರು ರಿಪೇರಿ ಮಾಡುವವನು. ತಂಗಿ ನೀಲಾಳ ಮದುವೆ ಕಿತ್ತೂರಿನ ಮನೆಯೊಂದಕ್ಕೆ ಗೊತ್ತಾಗಿತ್ತು. ಆ ಫೋಟೊ ಊರೂರು ಸುತ್ತಿದ ಮೇಲೆ ಅವರು, ಕ್ಯಾನ್ಸರ್ ಊರಿನ ಹೆಣ್ಣು ಬೇಡ ಎಂದು ಹೇಳಿ ಕಳಿಸಿದ್ದರು.

ಚುಕ್ಕೆ ಇಟ್ಟವಳು ರೇಣು, ಬೈಲಹೊಂಗಲದವಳು. ಮಕ್ಕಳ ಕ್ಯಾನ್ಸರಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಆಫ್ರಿಕಾದಲ್ಲಿ ಮಲೇರಿಯಾ ಹೆಚ್ಚಿರುವ ಕಡೆ ಮಕ್ಕಳ ದವಡೆಯಲ್ಲಿ ಗಡ್ಡೆ ಏಳುವ ಒಂದು ಕ್ಯಾನ್ಸರೂ ಹೆಚ್ಚು. ಇಲ್ಲಿ ಸೊಳ್ಳೆ ಹೆಚ್ಚಿರುವ ಕಾಲುವೆಯ ಊರುಗಳಿಗೂ ರಾಮದುರ್ಗದ ಕಡೆಯ ಒಣ ಊರುಗಳಿಗೂ ಅಂಥ ವ್ಯತ್ಯಾಸವೇನಾದರೂ ಇದೆಯೇ ಎಂದು ನೋಡುವುದು ಅವಳ ಕೆಲಸ. ನಕ್ಷೆಯ ಒಂದೊಂದು ಚುಕ್ಕೆಯೂ ಆ ರೋಗ ಬಂದ ಒಂದು ಮಗು.

"ಹಂಗಾರ ನಮ್ಮೂರಾಗ ಏನರ ಐತೇನ್ರಿ?"

"ಗೊತ್ತಿಲ್ಲ. ಸಣ್ಣ ಊರು, ಎರಡು ಕೂಸು. ಬರೇ ದುರ್ದೈವನೂ ಇರಬಹುದು. ಇನ್ನೂ ಭಾಳ ಊರು ತಿರಗಬೇಕು. ನೋಡಿದ್ರ ನನ್ನ ಸ್ಕೂಟಿ ಗ್ಯಾರೇಜಿನ್ಯಾಗ ಮಲಗೇತಿ."

"ಇದನ್ನ ನಮ್ಮೂರ ಮಂದಿ ಮುಂದ ಬಂದು ಹೇಳ್ರಿ. ಗಾಡಿ ನಂದು."

ಜಗಳಕ್ಕೆ ಬಂದವನು ಹೀಗೆ ಡ್ರೈವರನಾದ.

ಸೀಗಿಹಟ್ಟಿಯಲ್ಲಿ ಮೊಮ್ಮಗನನ್ನು ಕಳೆದುಕೊಂಡ ಸುಂದರವ್ವ ರೇಣುವನ್ನು ಕಟ್ಟೆಯ ಮೇಲೆ ಕೂರಿಸಿಕೊಂಡಳು. "ದವಡಿ ಬಾತಾಗ ಹಲ್ಲಿನ ನೋವು ಅಂತ ತಿಳಕೊಂಡ್ವಿ ತಂಗಿ. ಲವಂಗ ಇಟ್ಟು ಕುಂತ್ವಿ."

"ಯಾರಾದ್ರೂ ಹಂಗ ತಿಳಕೊಂತಿದ್ರು, ಯವ್ವಾ."

ಕೇಳುವುದೆಲ್ಲ ಮುಗಿದ ಮೇಲೂ ರೇಣು ಏಳಲಿಲ್ಲ. ಸುಂದರವ್ವನ ಜೊತೆ ಮೆಂತ್ಯಪಲ್ಲೆ ಸೋಸಿದಳು. ಹೊರಗೆ ಬಂದು ಗಾಡಿ ಹತ್ತುವ ಮೊದಲೇ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಳು. ನಿಂತ ಗಾಡಿಯ ಮೇಲೆ ಯಾರೂ ಗಾಜು ಇಳಿಸುವುದಿಲ್ಲ. ಕಾಂತೇಶ ಅವಳ ಮುಖ ನೋಡದೆ ಗಾಡಿ ಶುರು ಮಾಡಿದ. ಅಂದಿನಿಂದ ಅವನ ರಿಪೇರಿ ಅಂಗಡಿಯ ಕೆಲಸ ಬೇಗ ಮುಗಿದು, ಗಾಡಿ ಅವಳ ಜೊತೆ ಊರೂರಿಗೆ ಹೊರಡತೊಡಗಿತು.

ಮುನವಳ್ಳಿ ರಸ್ತೆಯಲ್ಲಿ ಒಮ್ಮೆ ರೇಣು ಅವನ ಬೆನ್ನು ತಟ್ಟಿದಳು. "ಕನ್ನಡಿ ಇರೂದು ರಸ್ತೆ ನೋಡಾಕ್ರಿ."

"ರಸ್ತೇನ ನೋಡಾಕತ್ತೇನಿ."

"ರಸ್ತೆಗೆ ಮೂಗುತಿ ಐತೇನು?"

ಅವನು ಕನ್ನಡಿ ಸರಿಸಿದ. ಸ್ವಲ್ಪ ದೂರ ಹೋದ ಮೇಲೆ ಅವಳೇ ಕೈ ಚಾಚಿ ಅದನ್ನು ಮತ್ತೆ ತನ್ನ ಕಡೆ ತಿರುಗಿಸಿದಳು.

ಕೊನೆಗೆ ನೀಲಾಳ ಸಲುವಾಗಿ ಕಿತ್ತೂರಿಗೂ ಹೋದರು. ವರನ ತಾಯಿ ಇಂದ್ರವ್ವ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡಳು.

"ನೀ ಹೇಳೂದು ಖರೇ ಇರಬಹುದು. ಆದ್ರ ನೀ ಆ ಊರಿಗೆ ಸೊಸಿ ಆಗ್ತಿಯೇನು?"

"ಯಾರೂ ಕೇಳಿಲ್ಲ," ಎಂದಳು ರೇಣು.

ಕಾಂತೇಶನಿಗೆ ಚಹಾ ನೆತ್ತಿಗೇರಿತು. ಇಂದ್ರವ್ವ ಇಬ್ಬರನ್ನೂ ನೋಡಿದಳು. "ಹಂಗಾರ ಮೊದಲ ನೀ ಹೋಗು. ಆಮ್ಯಾಲ ನಾವು ಅಲ್ಲಿಂದ ಹೆಣ್ಣು ತರತೇವಿ."

ವಾಪಸು ಬರುವಾಗ ಕಾಂತೇಶ ಕನ್ನಡಿಯ ಕಡೆ ನೋಡದೆ ಗಾಡಿ ಓಡಿಸಿದ. ಅವನು ಬಹಳ ದಿನಗಳಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಇಂದ್ರವ್ವ ಕೆಡಿಸಿಟ್ಟಿದ್ದಳು. ಈಗ ಕೇಳಿದರೆ ತಂಗಿಯ ಮದುವೆಗಾಗಿ ಕೇಳಿದಂತೆ. ರೇಣುಗೆ ಹಾಗನ್ನಿಸುವುದಕ್ಕಿಂತ ಕೇಳದಿರುವುದೇ ಮೇಲು. ಮರುದಿನ, ಗಾಡಿ ಕೆಟ್ಟಿದೆ ಎಂದು ಫೋನು ಮಾಡಿದ. ಅವಳು "ಹೌದಾ" ಎಂದಷ್ಟೇ ಅಂದಳು. ಸ್ಕೂಟಿ ಬಿಡಿಸಿಕೊಂಡು ಒಬ್ಬಳೇ ಊರು ತಿರುಗತೊಡಗಿದಳು.

ಅಣ್ಣ ಊಟ ಬಿಟ್ಟು ತಟ್ಟೆ ನೋಡುತ್ತ ಕೂತದ್ದನ್ನು ಕಂಡ ನೀಲಾ ಎಲ್ಲವನ್ನೂ ಅವನ ಬಾಯಿಂದ ಹೊರಡಿಸಿದಳು.

"ಅದಕ್ಕೇನು ಮಾಡ್ಲಿ?" ಎಂದ ಕಾಂತೇಶ. "ಕೇಳಿದ್ರ ಆಕಿಗೆ ತಪ್ಪು ತಿಳಿತೈತಿ, ಬಿಟ್ರ ನಿನ್ನ ಮದುವಿ..."

"ನನ್ನ ಮದುವಿ ನಿನ್ನೇನ ಮುಗದೈತಿ. ಆ ಮನಿ ನನಗ ಬ್ಯಾಡ ಅಂತ ನಾನ ಫೋನ್ ಹಚ್ಚಿ ಹೇಳೇನಿ."

"ಹುಚ್ಚಿ ಅದಿಯೇನ?"

"ನಾಳೆ ನನ್ನ ಕೂಸಿಗೆ ಒಂದು ಜ್ವರ ಬಂದ್ರ, ತವರಮನಿಯಿಂದ ರೋಗ ತಂದಿ ಅಂತಾರ. ಅಂಥ ಮನ್ಯಾಗ ನಾ ಬಾಳೂದಿಲ್ಲ. ಅಳಬೇಕಾದಷ್ಟು ಅತ್ತೇನಿ, ಆತು. ನೀ ಆಕಿ ಕಡೆ ಹೋಗು."

ರೇಣು ಸಿಕ್ಕಿದ್ದು ನವಿಲುತೀರ್ಥದಲ್ಲಿ, ಕಾಲುವೆಯ ಕಟ್ಟೆಯ ಮೇಲೆ ಚುರುಮುರಿ ತಿನ್ನುತ್ತ.

"ಗಾಡಿ ರಿಪೇರಿ ಆತೇನ್ರಿ?"

"ಕೆಟ್ಟಿರಲಿಲ್ಲ."

"ಗೊತ್ತೈತಿ. ಸುಳ್ಳ ಹೇಳಾಕ ಬರೂದಿಲ್ಲ ನಿಮಗ."

ಅವನು ನಿಂತೇ ಇದ್ದ. "ನೀಲಾ ಕಿತ್ತೂರಿನ ಮನಿ ಬ್ಯಾಡ ಅಂದಳು. ಈಗ ನನ್ನ ಮಾತಿಗೆ ಯಾರ ಮದುವಿನೂ ಗಂಟುಬಿದ್ದಿಲ್ಲ. ನನ್ನ ಸಲುವಾಗಿ ಅಷ್ಟ ಕೇಳಾಕತ್ತೇನಿ. ನನ್ನ ಮದುವಿ ಆಗ್ತೀರೇನು?"

ಅವಳ ಕೈ ಚುರುಮುರಿಯಲ್ಲೇ ನಿಂತಿತು. ನಗುತ್ತಾಳೆ ಎಂದುಕೊಂಡಿದ್ದ. ನಗಲಿಲ್ಲ.

"ನಿಮ್ಮೂರಾಗ ಏನೂ ಇಲ್ಲ ಅಂತ ನಾ ಇವತ್ತಿಗೂ ಹೇಳಲಾರೆ. ನನಗೂ ಅಂಜಿಕಿ ಐತಿ."

"ನನಗೂ ಐತಿ."

"ಈ ಕೆಲಸ ನಾ ಬಿಡೂದಿಲ್ಲ. ಇನ್ನೊಂದು ಕೂಸಿಗೆ ಬಂತಂದ್ರ ಅದನ್ನೂ ಬರೀತೇನಿ." ತಡೆದು ಹೇಳಿದಳು, "ಅದು ನಮ್ಮ ಕೂಸಾದ್ರೂ."

ಅವನು ಕಾಲುವೆಯ ನೀರು ನೋಡಿದ. ಅದು ತಿಳಿಯಾಗಿ ಹರಿಯುತ್ತಿತ್ತು. ಆ ತಿಳಿ ನೋಡಿ ಒಳಗೇನಿದೆ ಎಂದು ತಿಳಿಯುವಂತಿರಲಿಲ್ಲ.

"ಬರಿ," ಎಂದ ಕೊನೆಗೆ. ಏಕವಚನ ತಾನಾಗಿ ಬಂದಿತ್ತು. "ಬರಿಯೂವಾಗ ಕೈ ನಡಗಿದ್ರ ನಾ ಹಿಡೀತೇನಿ."

ರೇಣು ಪೊಟ್ಟಣ ಪಕ್ಕಕ್ಕಿಟ್ಟಳು.

"ಈಗ ನಡಗಾಕತ್ತೈತಿ," ಎಂದಳು.