ತೆರೆದೇ ಇದ್ದ ಲಿಫ್ಟ್

“ಇಲ್ಲೊಂದು ಸೈನ್ ಹಾಕಿಬಿಡಮ್ಮ, ಮುಗೀತು,” ಎಂದು ಮ್ಯಾನೇಜರ್, ಲಿಫ್ಟ್ ಸರಿಯಾಗಿದೆ ಎಂದು ಬರೆದಿದ್ದ ಕಾಗದವನ್ನು ಅಮ್ಮನ ಮುಂದೆ ಹಿಡಿದರು.

ಅಮ್ಮ ಕೈಯ ಗ್ರೀಸ್ ಒರೆಸಿಕೊಂಡಳೇ ಹೊರತು ಕಾಗದ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ ಚೂಟಿ ತಲೆಯೆತ್ತಿದಳು. ಶನಿವಾರ ಅರ್ಧ ದಿನದ ಶಾಲೆ ಮುಗಿದರೆ ಅವಳು ಅಮ್ಮನ ಬಾಲ. ಅಮ್ಮನದು ಈ ಮ್ಯಾನೇಜರ್ ಕೈಕೆಳಗೆ ಲಿಫ್ಟ್ ರಿಪೇರಿ ಕೆಲಸ.

ಈ ಆರು ಮಹಡಿ ಕಟ್ಟಡದ ಲಿಫ್ಟಿನ ಬ್ರೇಕ್ ಸವೆದಿತ್ತು. ಬೆಳಗ್ಗೆ ಪರೀಕ್ಷೆ ಮಾಡಿದಾಗ, ನಿಂತ ಮೇಲೂ ಅದು ಒಂದು ಗೇಣು ಕೆಳಗೆ ಜಾರಿತ್ತು. ಹೊಸ ಬ್ರೇಕ್ ಬರಲು ಮೂರು ದಿನ ಬೇಕು ಎಂದಿದ್ದಳು ಅಮ್ಮ. ಮ್ಯಾನೇಜರ್ ಮಾತ್ರ, ಸಂಜೆಯೇ ಲಿಫ್ಟ್ ಓಡಬೇಕು, ಕಟ್ಟಡದ ಓನರ್‌ಗೆ ಮಾತು ಕೊಟ್ಟಾಗಿದೆ ಎಂದು ಒಂದೇ ರಾಗ ಎಳೆಯುತ್ತಿದ್ದರು.

“ಒಂದು ಗೇಣು ಜಾರಿದ್ರೆ ಆಕಾಶ ಏನೂ ಕಳಚಿ ಬೀಳಲ್ಲ. ಸೋಮವಾರ ನಿನ್ನ ಕೆಲಸ ಪರ್ಮನೆಂಟ್ ಮಾಡೋನು ನಾನು. ನೆನಪಿರ್ಲಿ.”

ಚೂಟಿ ನೋಟ್‌ಬುಕ್ ಮುಚ್ಚಿದಳು. ಅಮ್ಮನ ಹಿಂದಿನ ಕೆಲಸ ಹೋದಾಗ ಮನೆ ಬದಲಾಗಿತ್ತು, ಶಾಲೆಯೂ ಬದಲಾಗಿತ್ತು. ಹೊಸ ಶಾಲೆಯಲ್ಲಿ ಈಗಷ್ಟೇ ಒಬ್ಬಳು ಗೆಳತಿ ಸಿಕ್ಕಿದ್ದಳು. ಟಿಫಿನ್ ಬಾಕ್ಸಿನ ಮುಚ್ಚಳದಲ್ಲಿ ಪಾಲು ಹಾಕಿಕೊಡುವಂಥ ಗೆಳತಿ.

“ಹೊಸ ಬ್ರೇಕ್ ಕೂರಿಸಿದ ಮೇಲೆ ಹಾಕ್ತೀನಿ ಸರ್,” ಅಂದಳು ಅಮ್ಮ. ದನಿ ಏರಲಿಲ್ಲ.

ತಾನು ಮೇಲೆ ಹೋಗಿ ಓನರ್‌ನ ನೋಡಿ ಬರುವಷ್ಟರಲ್ಲಿ ಸೈನ್ ಆಗಿರಬೇಕು ಎಂದು ಮ್ಯಾನೇಜರ್ ಕಾಗದವನ್ನು ಟೂಲ್‌ಬಾಕ್ಸ್ ಮೇಲಿಟ್ಟರು. ಅವರ ಫೋನ್ ಬಡಿದುಕೊಂಡಿತು. ಅವರು ಅತ್ತ ತಿರುಗಿದ್ದೇ ತಡ, ಚೂಟಿ ತನ್ನ ಪೆನ್ನು ಚಾಚಿದಳು.

“ಅಮ್ಮಾ, ಹಾಕಿಬಿಡು. ನಂಗೆ ಮತ್ತೆ ಸ್ಕೂಲ್ ಬಿಡೋಕಾಗಲ್ಲ.”

ಅಮ್ಮನ ಮುಖ ಸಣ್ಣದಾಯಿತು. ಅವಳಿಗೂ ಹೆದರಿಕೆ ಇತ್ತು. ಆದರೂ ಪೆನ್ನು ತೆಗೆದುಕೊಳ್ಳಲಿಲ್ಲ.

“ಸ್ವಲ್ಪ ಸರಿ, ಮರಿ.”

ಫೋನ್ ಮುಗಿಸಿದ ಮ್ಯಾನೇಜರ್ ಎದುರಿಗೇ ಬಂದು ನಿಂತಿದ್ದರು. ಚೂಟಿ ಬ್ಯಾಗ್ ಎಳೆದುಕೊಂಡು ದಾರಿ ಬಿಟ್ಟಳು. ಮೂರೇ ಹೆಜ್ಜೆ ದೂರದಲ್ಲಿ ಲಿಫ್ಟ್ ಬಾಗಿಲು ತೆರೆದುಕೊಂಡು, ದೀಪ ಉರಿಸಿಕೊಂಡು ನಿಂತಿತ್ತು. ಅವರು ಅದರ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿದರು. ಎರಡನೇ ಮಹಡಿಯಲ್ಲಿ ನಿಂತು ಉಸ್ಸಪ್ಪಾ ಎಂದದ್ದು ಕೆಳಗೂ ಕೇಳಿಸಿತು. ಓನರ್ ಇದ್ದದ್ದು ಆರನೇ ಮಹಡಿಯಲ್ಲಿ.

ಚೂಟಿ ಮೆಟ್ಟಿಲು ನೋಡಿದಳು, ಲಿಫ್ಟ್ ನೋಡಿದಳು, ಆಮೇಲೆ ಅಮ್ಮನನ್ನು ನೋಡಿದಳು. ಮೂಗಿನ ಮೇಲೆಲ್ಲ ಗ್ರೀಸ್ ಮೆತ್ತಿಕೊಂಡಿದ್ದ ಅಮ್ಮ ಅವಳಿಗೆ ಇಷ್ಟು ಚಂದ ಯಾವತ್ತೂ ಕಂಡಿರಲಿಲ್ಲ.

ನೋಟ್‌ಬುಕ್ಕಿನ ನಡುವಿನ ಹಾಳೆಯನ್ನು ಅವಳು ಸರ್ರನೆ ಕಿತ್ತಳು. ದೊಡ್ಡ ಅಕ್ಷರದಲ್ಲಿ ಬರೆದಳು: ‘ಬ್ರೇಕ್ ಸರಿ ಇಲ್ಲ. ಯಾರೂ ಲಿಫ್ಟ್ ಹತ್ತಬೇಡಿ.’ ಕೆಳಗೆ ಒಂದಿಷ್ಟು ಜಾಗ ಬಿಟ್ಟು, ಪೆನ್ನನ್ನು ಮತ್ತೆ ಚಾಚಿದಳು.

“ಇದಕ್ಕೆ ಸೈನ್ ಹಾಕಮ್ಮ.”