ದಿನಕ್ಕೊಂದು ಕೆಂಪು ದೀಪ

“ನಿಮ್ಮ ಬಾಗಿಲ ಮೇಲಿನ ಕೆಂಪು ದೀಪ ಒಂದು ದಿನ ಪೂರ್ತಿ ಹತ್ತದೇ ಇರ್ಲಿ. ಅವತ್ತು ನನ್ನ ಮನಸ್ಸಲ್ಲಿರೋದನ್ನ ಹೇಳ್ತೀನಿ.”

ಅವನು ಅವಳಿಗೆ ಹೀಗೆ ಮಾತು ಕೊಟ್ಟು ಎರಡು ವರ್ಷವಾಗಿತ್ತು. ಔಷಧದ ಸೀಸೆಗಳಿಗೆ ಮುಚ್ಚಳ ಬಿಗಿಯುವ ಯಂತ್ರ ಅವನದು. ಲ್ಯಾಬಿನವರ ಬಾಯಲ್ಲಿ ಅವನು ‘ಮುಚ್ಚಳದ ಸಾಹೇಬ’. ಆ ಸೀಸೆಗಳ ಕತ್ತಿನಲ್ಲಿ ಲೇಸರ್ ಕಿರಣ ಹಾಯಿಸಿ, ಒಳಗಿನ ಔಷಧದ ಪುಡಿಯ ಮೇಲಿನ ಖಾಲಿ ಜಾಗಕ್ಕೆ ಹೊರಗಿನ ಆಮ್ಲಜನಕ ನುಸುಳಿದೆಯೇ ಎಂದು ನೋಡುವುದು ಅವಳ ಕೆಲಸ. ನುಸುಳಿದ್ದರೆ ಮುಚ್ಚಳ ಸಡಿಲ. ಲ್ಯಾಬಿನ ಬಾಗಿಲ ಮೇಲೆ ಕೆಂಪು ದೀಪ.

ಆ ಖಾಲಿ ಜಾಗವೆಂದರೆ ಅವಳಿಗೆ ಪ್ರೀತಿ. ಉಸಿರು ಬಿಗಿಹಿಡಿದು ಕುಳಿತ ಬೆರಳಗಲದ ಆಕಾಶ. ಕಿರಣ ಅದನ್ನು ಹಾದುಹೋಗುವ ಹೊತ್ತಿಗೆ ಗಾಜಿನಾಚೆ ಅವನು ನಿಂತಿರುತ್ತಿದ್ದ. ಟೋಪಿ, ಮುಖಗವಸುಗಳ ನಡುವೆ ಉಳಿಯುವುದು ಕಣ್ಣು ಮಾತ್ರ. ಅವಳಿಗೆ ಅಷ್ಟೇ ಸಾಕಾಗಿತ್ತು, ದಿನವಿಡೀ ನೆಲಕ್ಕೆ ಕಾಲು ತಾಗುತ್ತಿರಲಿಲ್ಲ.

ಆದರೆ ಕೆಂಪು ದೀಪ ದಿನವೂ ಹತ್ತುತ್ತಿತ್ತು. ಹತ್ತಲೇಬೇಕು. ಲೇಸರ್ ಸರಿಯಾಗಿ ನೋಡುತ್ತಿದೆಯೇ ಎಂದು ತಿಳಿಯಲು, ಬೇಕೆಂದೇ ಸೋರುವಂತೆ ಮಾಡಿದ ಒಂದು ಸೀಸೆಯನ್ನು ಬೆಳಿಗ್ಗೆ ಮೊದಲು ಇಡುವುದು ನಿಯಮ. ಅದು ಗೊತ್ತಿದ್ದೇ ಅವನು ಅಂಥ ಮಾತು ಕೊಟ್ಟನೆಂದು ಅವಳು ನಂಬಿದ್ದಳು. ಅಕ್ಕನಂತೂ ಕೇಳಿದ ದಿನವೇ ತೀರ್ಪು ಕೊಟ್ಟಿದ್ದಳು: ಮೂಗಿಗೆ ತುಪ್ಪ ಸವರಿದ್ದಾನೆ, ಒರೆಸಿಕೊಂಡು ಮುಂದೆ ನಡಿ.

ಸೋಮವಾರ ಅವನು ಅರ್ಜಿಯೊಂದನ್ನು ಹಿಡಿದು ಬಂದ. ಬೇರೆ ಊರಿನ ಕಾರ್ಖಾನೆಗೆ ಹೋಗುತ್ತಾನಂತೆ. ಯಂತ್ರ ಬಿಚ್ಚಿ ಕಟ್ಟಿದ್ದಾಯಿತು, ರಬ್ಬರ್ ಬದಲಿಸಿದ್ದಾಯಿತು, ರಜೆಯಲ್ಲೂ ಬಂದು ತಿಣುಕಿದ್ದಾಯಿತು. ದಿನಕ್ಕೊಂದು ಸೀಸೆ ಸೋರುವುದು ಮಾತ್ರ ತಪ್ಪಲಿಲ್ಲ ಎಂದ. ವರದಿಗಳೆಲ್ಲ ನೇರ ಮೇಲಿನವರಿಗೆ ಹೋಗುತ್ತಿದ್ದವು. ಅವನಿಗೆ ಕಾಣುತ್ತಿದ್ದುದು ದೀಪವೊಂದೇ.

ಅವಳು ಅರ್ಜಿಯ ಮೇಲೆ ಕೈಯಿಟ್ಟಳು.

“ಆ ಒಂದು ನಿಮ್ಮದಲ್ಲ ಕಣ್ರೀ. ನಾನೇ ಇಡೋದು, ದಿನಾ, ಮಷಿನ್ ಪರೀಕ್ಷೆಗೆ. ಯಾರನ್ನಾದ್ರೂ ಕೇಳ್ಬಾರದಿತ್ತಾ?”

“ನನ್ನ ಮುಚ್ಚಳ ಸೋರತ್ತೆ ಅಂತ ನಾನೇ ಡಂಗುರ ಸಾರ್ಲಾ?”

ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಅವನು ಮಾತ್ರ ಲೆಕ್ಕ ತಪ್ಪಿದವನಂತೆ ನಿಂತಿದ್ದ.

“ಹಾಗಾದ್ರೆ ನಂದು ಒಂದೂ ಸೋರದ ದಿನ...?”

“ಬೇಕಾದಷ್ಟು. ಮೊದಲನೇದು, ನೀವು ಮಾತು ಕೊಟ್ಟ ಮೂರನೇ ದಿನ.”

ಅವನು ಮುಖಗವಸು ಕೆಳಗಿಳಿಸಿದ.

“ನಿಮ್ಮ ಜೊತೆ ಬಾಳ್ಬೇಕು ಅಂತ ಆಸೆ. ಅಷ್ಟೇ ಇದ್ದಿದ್ದು ಮನಸ್ಸಲ್ಲಿ.”

“ನಂಗೂ ಅಷ್ಟೇ,” ಎಂದಳು ಅವಳು.

ಕೊಟ್ಟ ಮಾತು ನಡೆಯಿತು, ಎರಡು ವರ್ಷ ತಡವಾಗಿ.